ಒಂದೇ ಸಲ ಕೇಳಿದ ಪ್ರಶ್ನೆ

ಈ ಕಥೆ ಹೇಳುವ ಹಕ್ಕು ನನಗಿದೆಯೇ ಎಂದು ತುಂಬಾ ಯೋಚಿಸಿದೆ. ಗಂಡ ಹೆಂಡತಿಯ ನಡುವಿನ ಮಾತು ಇದು. ಹೊರಗಿನವರು ಮೂಗು ತೂರಿಸಬಾರದು. ಅದರಲ್ಲೂ ಅರಸೆಲಿಯ ವಿಷಯದಲ್ಲಿ ಒಂದು ಮಾತು ಆಚೀಚೆಯಾದರೆ, ನೇರವಾಗಿ ಬಂದು ನನ್ನ ಬಾಗಿಲು ಬಡಿಯುವವಳು ಅವಳು! ತಪ್ಪಿದ್ದರೆ ಓದುವವರು ಕ್ಷಮಿಸಬೇಕು. ಗೊತ್ತಿದ್ದಷ್ಟನ್ನು ಗೊತ್ತಿದ್ದಂತೆ ಹೇಳುತ್ತೇನೆ.

"ಬಸ್ಸಲ್ಲಿ ಕುರಿ ಹತ್ತಿಸೋ ಹಾಗಿಲ್ಲ!"

ಹಿಮ ಕರಗಿ ಕೆಸರಾಗಿದ್ದ ಒಂದು ಬೆಳಗ್ಗೆ, ಶಿಕಾಗೋದ ಬಸ್ಸೊಂದರ ಚಾಲಕಿಯ ಸೀಟಿನಿಂದ ಅರಸೆಲಿ ಕೂಗಿದ ಮೊದಲ ಮಾತು ಅದು. ಬಾಗಿಲಲ್ಲಿ ಒಬ್ಬ ಉದ್ದನೆಯ ಹುಡುಗ ನಿಂತಿದ್ದ. ತನ್ನ ಕೋಟನ್ನು ಬಿಚ್ಚಿ ಅದರಲ್ಲಿ ಏನನ್ನೋ ಕೂಸಿನಂತೆ ಸುತ್ತಿ ಎದೆಗೆ ಅವುಚಿಕೊಂಡಿದ್ದ.

"ಕುರಿ ಅಲ್ಲ... ಮರಿ," ಎಂದ ಅವನು, ಮೆಲ್ಲಗೆ.

"ಕೋಟಲ್ಲಿ ಸುತ್ಕೊಂಡ್ ಬಂದ್ರೆ ನಾನು ಮಗು ಅಂದ್ಕೋತೀನಾ? ಮಗು ಎಲ್ಲಾದ್ರೂ ಮ್ಯಾ ಅನ್ನತ್ತಾ?"

"ನನ್ನ ಮೊಮ್ಮಗ ಅಂತಾನಮ್ಮಾ!" ಹಿಂದಿನ ಸೀಟಿನಿಂದ ಅಜ್ಜಿಯೊಬ್ಬಳು ಹೇಳಿದಳು. ಬಸ್ಸಿಗೆ ಬಸ್ಸೇ ನಕ್ಕಿತು.

ಹುಡುಗನ ಕಿವಿ ಕೆಂಪಾಯಿತು. "ನಮ್ಮಕ್ಕನ ಮಗನ ಶಾಲೆಗೆ ತೋರ್ಸೋಕೆ ತಂದೆ. ದಾರೀಲಿ ಗಾಡಿ ಕೈಕೊಡ್ತು. ಇದಕ್ಕೆ ತಾಯಿ ಇಲ್ಲ, ಬಿಟ್ಟು ಬರೋ ಹಾಗಿರ್ಲಿಲ್ಲ... ಇರ್ಲಿ ಬಿಡಿ. ತೊಂದ್ರೆ ಬೇಡ. ನಡ್ಕೊಂಡೇ ಹೋಗ್ತೀನಿ."

"ಸರಿ," ಎಂದಳು ಅರಸೆಲಿ. ಬಾಗಿಲು ಮುಚ್ಚಿತು.

ಕನ್ನಡಿಯಲ್ಲಿ ಅವನ ಮುಖ ಕಂಡಿತು. ಯಾರೋ ಕೆನ್ನೆಗೆ ಹೊಡೆದಂತೆ ನಿಂತಿದ್ದ!

'ಇವನಿಗೇನಾಯ್ತು? ನಡೀತೀನಿ ಅಂದವನು ತಾನೇ ಅಲ್ವಾ?'

ಮುಂದಿನ ಸಿಗ್ನಲ್ಲಿನಲ್ಲಿ ಕೆಂಪು ದೀಪ. ಅವನು ನಡೆದು ಬರುತ್ತಿದ್ದ. ಮೈಮೇಲೆ ಬರೀ ಅಂಗಿ, ತುಟಿ ನೀಲಿ. ಮರಿ ಮಾತ್ರ ಕೋಟಿನೊಳಗೆ ಬೆಚ್ಚಗೆ ಮಲಗಿತ್ತು. ಅರಸೆಲಿಯ ಎದೆಯಲ್ಲಿ ಏನೋ ಚುರ್ ಎಂದಿತು. ಬಾಗಿಲು ತೆರೆದಳು.

"ಏಯ್! ಅದಕ್ಕೆ ಕೋಟು ಕೊಟ್ಟು ನೀನು ಸಾಯ್ತೀಯಾ? ಹತ್ತು!"

"ಬೇಡ, ಪರವಾಗಿಲ್ಲ..."

"ಹತ್ತೂ ಅಂದೆ!"

ಹತ್ತಿದ. ಆಮೇಲೆ ವರ್ಷ ತಿರುಗುವುದರೊಳಗೆ ಅವಳ ಬದುಕಿಗೂ ಹತ್ತಿಬಿಟ್ಟ. ಅವನ ಹೆಸರು ನೆಲ್ಸ್ ಹೋವ್ಲಂಡ್. ವಿಸ್ಕಾನ್ಸಿನ್‌ನ ಗುಡ್ಡಗಳಲ್ಲಿ ಕುರಿ ಸಾಕುವ, ಎಂದೋ ನಾರ್ವೆಯಿಂದ ಬಂದವರ ಮನೆತನದವನು. ಅವಳು ಅರಸೆಲಿ ಒಚೋವಾ. ಮೆಕ್ಸಿಕೋ ಮೂಲದ, ಶಿಕಾಗೋದಲ್ಲೇ ಹುಟ್ಟಿ ಬೆಳೆದ, ಯಾರಿಗೂ ಸೊಪ್ಪು ಹಾಕದ ಹುಡುಗಿ.

ಮದುವೆಯಾದ ಮೇಲೆ ನೆಲ್ಸ್ ಶಿಕಾಗೋಗೇ ಬಂದ. ಹಳೆಯ ಕಟ್ಟಡಗಳ ಬಾಗಿಲು ಕಿಟಕಿ ಸರಿಮಾಡುವ ಬಡಗಿಯಾದ. ಸೀಲ್ವಿ ಹುಟ್ಟಿದಳು. ಅಪ್ಪನ ನೀಲಿ ಕಣ್ಣು, ಅಮ್ಮನ ಗಂಟಲು!

ಈಗ ಸೀಲ್ವಿ ಶಾಲೆಗೆ ಸೇರುವ ವರ್ಷ. ಎಲ್ಲಿಯ ಶಾಲೆ? ಅಲ್ಲಿಂದಲೇ ಎಲ್ಲ ಶುರುವಾಯಿತು.

ಕ್ರಿಸ್ಮಸ್‌ಗೆ ಅವರು ನೆಲ್ಸ್‌ನ ಅಮ್ಮ ಮಾರ್ಲಿಸ್‌ಳ ಮನೆಗೆ ಹೋಗಿದ್ದರು. ಊಟದ ಮೇಜಿನ ಮೇಲೆ ಆಲೂಗಡ್ಡೆಯ ತೆಳು ರೊಟ್ಟಿ, ಬೆಣ್ಣೆ, ಸಕ್ಕರೆ. ಹೊರಗೆ ಹಿಮದಲ್ಲಿ ಸೀಲ್ವಿ ಓಡುತ್ತಿದ್ದಳು. ಕಿಟಕಿಯಲ್ಲಿ ಅವಳನ್ನು ನೋಡುತ್ತಿದ್ದ ಅರಸೆಲಿಗೆ ಒಂದು ವಿಷಯ ಹೊಳೆದು ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ಊರಿಗೆ ಬಂದಾಗಿನಿಂದ ತಾನು ಮಗಳಿಗೆ ಒಂದು ಸಲವೂ 'ಹುಷಾರು' ಎಂದಿರಲಿಲ್ಲ! ಶಿಕಾಗೋದಲ್ಲಿ ದಿನವಿಡೀ ಅದೇ ಪಾಠ... ನಿಲ್ಲು, ಕೈ ಹಿಡ್ಕೋ, ಹುಷಾರು.

"ಈ ಮಾರ್ಚ್ ಮುಗಿದ್ಮೇಲೆ ನಾನು ಪೇಟೆ ಮನೆಗೆ ಹೋಗ್ತಿದ್ದೀನಿ," ಎಂದಳು ಮಾರ್ಲಿಸ್, ಬೆಣ್ಣೆ ಸವರುತ್ತಾ. "ಇಷ್ಟು ವರ್ಷ ಕುರಿಗಳ ಬಾಣಂತನ ಮಾಡಿದ್ದಾಯ್ತು. ಇನ್ನು ನಂಗೆ ಬಿಸಿನೀರಿನ ಈಜುಕೊಳ, ಚರ್ಚಿನ ಹಾಡು, ಇಸ್ಪೀಟು ಸಾಕು. ಕುರಿ, ಹುಲ್ಲುಗಾವಲು, ಮನೆ ಎಲ್ಲಾ ಪಕ್ಕದ ಆರ್ವಿಲ್ ತಗೋತಾನಂತೆ. ನಿಮಗೆ ಬೇಕಾದ್ರೆ... ಇದೆ. ಬಲವಂತ ಏನಿಲ್ಲ."

'ನಮಗೆ ಬೇಕು!' ಅರಸೆಲಿಯ ಎದೆ ಹಾರಿತು.

ಆದರೆ ನೆಲ್ಸ್ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಅರಾಗೆ ಅಲ್ಲಿ ಕೆಲಸ ಇದೆ, ಅವಳಮ್ಮ ಇದ್ದಾರೆ. ಬೇಡಮ್ಮಾ."

ಅವನು ಹಾಗೆ ಹೇಳಲು ಕಾರಣವಿತ್ತು. ಹಿಂದಿನ ದಿನವೇ ಪೇಟೆಯ ಮೇವಿನ ಅಂಗಡಿಯಲ್ಲಿ ಯಾರೋ ಒಬ್ಬ ಅರಸೆಲಿಯನ್ನು ಕೇಳಿದ್ದ: "ಯಾರ ಫಾರ್ಮಲ್ಲಿ ಕೆಲಸಕ್ಕಿದ್ದೀಯಾ?" ಅವಳ ಮುಖದ ಬಣ್ಣ ನೋಡಿ ಕೇಳಿದ್ದ. ಅರಸೆಲಿ ಅವನನ್ನು ದುರುಗುಟ್ಟಿ ನೋಡಿ ಹೊರಗೆ ಬಂದು ಗಾಡಿಯ ಬಾಗಿಲನ್ನು ಧಡ್ ಎಂದು ಹಾಕಿದ್ದಳು. ಆ ಸದ್ದು ಇನ್ನೂ ನೆಲ್ಸ್‌ನ ಕಿವಿಯಲ್ಲಿತ್ತು.

ಮರಳುವ ದಾರಿಯಲ್ಲಿ, ಸೀಲ್ವಿ ಹಿಂದಿನ ಸೀಟಿನಲ್ಲಿ ನಿದ್ದೆಹೋದ ಮೇಲೆ, ಅರಸೆಲಿ ಕೇಳಿದಳು.

"ನಿಂಗೆ ಇಲ್ಲಿಗೆ ವಾಪಸ್ ಬರೋಕೆ ಇಷ್ಟಾನಾ?"

"ಬೇಡ. ಅಲ್ಲೇ ಚೆನ್ನಾಗಿದೀವಲ್ಲ."

"ಸರಿ."

ಅಷ್ಟೇ. ನೆಲ್ಸ್ ಒಂದೆರಡು ಸಲ ಅವಳ ಕಡೆ ತಿರುಗಿ ನೋಡಿದ. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಕಣ್ಣು ಒದ್ದೆಯಾಗಿದ್ದು ಅವನಿಗೆ ಕಾಣಬಾರದು ಎಂದು...

'ಹುಟ್ಟಿದ ಊರೇ ಅವನಿಗೆ ಬೇಡ ಅಂದ್ಮೇಲೆ ನಾನ್ಯಾಕೆ ಹಟ ಹಿಡೀಲಿ?'

ಅರಸೆಲಿಯ ಅಮ್ಮ ಒಫೆಲಿಯಾಗೆ ಬೇರೆಯದೇ ಯೋಜನೆಯಿತ್ತು. ಅವಳ ಮನೆಯ ಮೇಲಿನ ಮಹಡಿ ಖಾಲಿಯಾಗುತ್ತಿತ್ತು. ಮನೆಯೊಡೆಯನ ಹತ್ತಿರ ಆಗಲೇ ಮಾತಾಡಿ ಮುಗಿಸಿದ್ದಳು.

"ಸೀಲ್ವಿ ಕೆಳಗಿಳಿದ್ರೆ ನನ್ನ ಅಡುಗೆಮನೆ. ಬೀದಿ ದಾಟಿದ್ರೆ ಶಾಲೆ. ಇನ್ನೇನು ಬೇಕು?"

"ಮಾರ್ಲಿಸ್ ಆ ಕುರಿಮನೆ ಬಿಟ್ಟು ಹೋಗ್ತಾರಂತೆ ಅಮ್ಮಾ..." ಅರಸೆಲಿ ಸುಮ್ಮನೆ ಎತ್ತಿದ ಮಾತು ಅಷ್ಟೇ.

ಒಫೆಲಿಯಾಳ ಕೈಯಲ್ಲಿದ್ದ ಜೋಳದ ಹಿಟ್ಟು ಪಾತ್ರೆಗೆ ಬಿತ್ತು. ತಮಾಲೆ ಕಡುಬು ಕಟ್ಟುವುದನ್ನು ಬಿಟ್ಟು ಮಗಳ ಎದುರಿಗೆ ಬಂದು ನಿಂತಳು.

"ಆ ವಿಸ್ಕಾನ್ಸಿನ್ ಮಣ್ಣು ನಂಗೆ ಗೊತ್ತು ಮಗಳೇ. ನಿನ್ನ ಗಂಡನಿಗಿಂತ ಚೆನ್ನಾಗಿ ಗೊತ್ತು! ಸೀಲ್ವಿ ವಯಸ್ಸಲ್ಲಿ ನಾನು ಅಲ್ಲಿ ಸೌತೆಕಾಯಿ ಕೀಳ್ತಿದ್ದೆ. ಸೊಂಟ ನೇರ ಮಾಡಿದ್ರೆ ಮೇಸ್ತ್ರಿ ಬೈತಿದ್ದ. ಆ ಹೊಲದಿಂದ ಎದ್ದು ಬಂದು ನಿನ್ನನ್ನ ಈ ಸಿಮೆಂಟಿನ ಮೇಲೆ ನಿಲ್ಲಿಸಿದ್ದೀನಿ. ತಿರುಗಿ ಅಲ್ಲಿಗೇ ಹೋಗ್ತೀಯಾ? ನನ್ನ ಮೊಮ್ಮಗಳನ್ನ ಕರ್ಕೊಂಡು?"

"ನೆಲ್ಸ್‌ಗೇ ಬೇಡ್ವಂತೆ."

"ನೋಡು! ಆ ಬಿಳಿ ಹುಡುಗನಿಗೆ ನಿನಗಿಂತ ಬುದ್ಧಿ ಇದೆ."

ಅರಸೆಲಿ ಒಪ್ಪಿಕೊಂಡಳು. ಮೇಲಿನ ಮನೆಯ ಬಾಡಿಗೆ ಕಾಗದಕ್ಕೆ ಮಾರ್ಚ್ ಕೊನೆಯ ಸೋಮವಾರ ಸಹಿ ಹಾಕುವುದು ಎಂದಾಯಿತು. ಸುದ್ದಿ ಹೇಳಿದಾಗ ನೆಲ್ಸ್ "ಒಳ್ಳೇದಾಯ್ತು" ಎಂದ. ಆಮೇಲೆ ಮಾತು ಕಡಿಮೆ ಮಾಡಿದ. ಮನೆಯಲ್ಲಿ ಇದ್ದೂ ಇಲ್ಲದವನಂತಾದ.

ಪ್ರತಿ ಮಾರ್ಚ್‌ನಲ್ಲಿ, ಮರಿ ಹಾಕುವ ಮೊದಲು, ಅಮ್ಮನ ಮನೆಯಲ್ಲಿ ಕುರಿಗಳ ಉಣ್ಣೆ ತೆಗೆಯುವ ಕೆಲಸಕ್ಕೆ ಅವನು ಹೋಗುತ್ತಿದ್ದ. ಇದು ಕೊನೆಯ ಸಲ. ಸೀಲ್ವಿಯನ್ನೂ ಕರೆದುಕೊಂಡು ಹೋದ. ಸಹಿ ಹಾಕುವ ದಿನದ ಹಿಂದಿನ ಶನಿವಾರ, ಬೆಳಗ್ಗೆ ಎದ್ದ ಕೂಡಲೇ ಅರಸೆಲಿಗೆ ಮಗಳ ಫೋನು ಬಂತು.

"ಅಮ್ಮಾ! ಅಪ್ಪ ನಂಗೆ ಇಲ್ಲಿ ಮಂಚ ಮಾಡಿದ್ದಾರೆ! ಮಹಡೀಲಿ, ನನ್ನ ರೂಮಲ್ಲಿ! ತಲೆ ಹತ್ರ ಕುರಿ ಕೆತ್ತಿದ್ದಾರೆ... ಅಯ್ಯೋ! ಗುಟ್ಟು ಅಂದಿದ್ರು!"

ಫೋನಿಟ್ಟ ಮೇಲೆ ಅರಸೆಲಿ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತಳು.

'ನನ್ನ ಮಗಳಿಗೆ ಅಲ್ಲಿ ಮಂಚ... ನನಗೆ ಗೊತ್ತಿಲ್ಲದ ಹಾಗೆ! ಹಾಗಾದ್ರೆ ಅವನಿಗೆ ಬೇಡವಾಗಿದ್ದು ಊರಲ್ಲ. ನಾನು!'

ಅಳು ಬರಲಿಲ್ಲ. ಸಿಟ್ಟು ಬಂತು. ಒಳ್ಳೆಯ ಸಿಟ್ಟು, ಕಾಲಿಗೆ ಬಲ ಕೊಡುವಂಥದ್ದು. ಡಿಪೋಗೆ ಫೋನ್ ಮಾಡಿ ಗೆಳತಿಯ ಜೊತೆ ಪಾಳಿ ಬದಲಿಸಿಕೊಂಡಳು. ಕೆಲಸದ ಜಾಕೆಟ್ಟಿನಲ್ಲೇ ಗಾಡಿ ಹತ್ತಿದಳು.

'ಬಿಡೋದಾದ್ರೆ ಮುಖ ನೋಡಿ ಬಿಡ್ಲಿ!'

ಮಧ್ಯಾಹ್ನದ ಹೊತ್ತಿಗೆ ಮಾರ್ಲಿಸ್‌ಳ ಅಂಗಳ ಮುಟ್ಟಿದಳು. ಕೊಟ್ಟಿಗೆಯಿಂದ ಉಣ್ಣೆ ಕತ್ತರಿಸುವ ಯಂತ್ರದ ಸದ್ದು ಬರುತ್ತಿತ್ತು. ಅಂಗಳದ ತುಂಬ ನೆರೆಯವರ ಗಾಡಿಗಳು. ಅಡುಗೆಮನೆಯಲ್ಲಿ ಮಾರ್ಲಿಸ್ ಒಬ್ಬಳೇ ಇದ್ದಳು.

"ಅರೆ, ಅರಸೆಲಿ! ಸೀಲ್ವಿ ಪಕ್ಕದ ಮನೆ ಮಕ್ಕಳ ಜೊತೆ ಗುಡ್ಡದ ಮೇಲಿದ್ದಾಳೆ. ಕೂತ್ಕೋ. ಕಾಫಿ?"

"ಬೇಡ."

"ಸ್ವಲ್ಪ ಕುಡಿ."

"ಬೇಡ ಅಂದೆ."

"ಅರ್ಧ ಕಪ್? ದಾರಿ ದೂರ..."

"ಮಾರ್ಲಿಸ್! ಬೇಡ ಅಂದ್ರೆ ಬೇಡ! ನಿಮ್ಮ ಮಗ ಎಲ್ಲಿ? ನನ್ನ ಬಿಡೋಕೆ ತಯಾರಿ ನಡೆಸ್ತಿದ್ದಾನಾ? ಮಂಚದ ವಿಷಯ ನಂಗೆ ಗೊತ್ತಾಯ್ತು!"

ಮಾರ್ಲಿಸ್ ಕಾಫಿಯ ಪಾತ್ರೆಯನ್ನು ಹಿಡಿದೇ ನಿಂತಳು. ಸೊಸೆಯ ಮುಖವನ್ನು ಹೊಸದಾಗಿ ನೋಡುವಂತೆ ನೋಡಿದಳು.

"ನೀನು ನಿಜವಾಗ್ಲೂ ಕಾಫಿ ಬೇಡ ಅಂದ್ಯಾ? ಮೊದಲನೇ ಸಲಾನೇ?"

"ಮತ್ತಿನ್ನೇನು?"

"ಕ್ರಿಸ್ಮಸ್ ಆದ್ಮೇಲೆ ನೀನು ಅವನನ್ನ ಕೇಳಿದ್ಯಂತೆ, ಊರಿಗೆ ಬರೋಣ್ವಾ ಅಂತ. ಎಷ್ಟು ಸಲ ಕೇಳಿದೆ?"

"ಎಷ್ಟು ಸಲ ಅಂದ್ರೆ? ಒಂದು ಸಲ! ಬೇಡ ಅಂದ!"

"ಒಂದೇ ಸಲ?" ಮಾರ್ಲಿಸ್ ಕುರ್ಚಿ ಎಳೆದು ಕೂತೇಬಿಟ್ಟಳು. "ಅಯ್ಯೋ ದೇವರೇ... ಒಂದು ಸಲ ಕೇಳೋದು ಬರೀ ಮರ್ಯಾದೆಗೆ ಕಣೇ! ನಮ್ಮಲ್ಲಿ ಮೊದಲು ಬೇಡ ಅನ್ಬೇಕು. ಎರಡನೇ ಸಲಾನೂ ಬೇಡ ಅನ್ಬೇಕು. ಮೂರನೇ ಸಲ ಕೇಳಿದ್ರೆ ಅವರು ಮನಸ್ಸಿಟ್ಟು ಕೇಳ್ತಿದ್ದಾರೆ ಅಂತ ಅರ್ಥ. ಆಗ ಹೂಂ ಅನ್ನೋದು. ಈ ಗುಡ್ಡದಲ್ಲಿ ಯಾರೂ ಮೊದಲನೇ ಸಲಕ್ಕೆ ಒಂದು ಬಿಸ್ಕತ್ತನ್ನೂ ತಗೊಳ್ಳಲ್ಲ!"



ಅರಸೆಲಿಯ ಅಮ್ಮನ ಮನೆಯಲ್ಲಿ "ಹಸಿವಾ?" ಎಂದರೆ "ಹೂಂ" ಇಲ್ಲವೇ "ಇಲ್ಲ". ಇಲ್ಲ ಎಂದರೆ ತಟ್ಟೆ ಇನ್ನೊಬ್ಬರ ಮುಂದೆ ಹೋಗುತ್ತದೆ. ಮತ್ತೆ ಮತ್ತೆ ಕೇಳುವುದು ಎದುರಿನವರ ಮಾತಿನ ಮೇಲೆ ನಂಬಿಕೆ ಇಲ್ಲದವರು!

"ನೀನು ಮತ್ತೆ ಕೇಳ್ಲೇ ಇಲ್ಲ ಅಂತ ಅವನು ಅಂದ್ಕೊಂಡ," ಎಂದಳು ಮಾರ್ಲಿಸ್, "ನಿಂಗೆ ಮನಸ್ಸಿಲ್ಲ, ಬಾಯಿಮಾತಿಗೆ ಕೇಳಿದ್ದೀಯ ಅಂತ."

"ಅಂದ್ರೆ..." ಅರಸೆಲಿಯ ಕಣ್ಣಲ್ಲಿ ಕಿಡಿ. "ಅಂದ್ರೆ ನನ್ನ ಗಂಡನ ಮನಸ್ಸು ತಿಳ್ಕೊಳ್ಳೋಕೆ ನಾನು ಮೂರರವರೆಗೆ ಎಣಿಸ್ಬೇಕಾ? ಎಲ್ಲಿದ್ದಾನೆ ಅವನು?"

ಉತ್ತರಕ್ಕೆ ಕಾಯದೆ ಕೊಟ್ಟಿಗೆಯ ಕಡೆ ನಡೆದಳು.

"ನೆಲ್ಸ್ ಹೋವ್ಲಂಡ್!"

ಕೊಟ್ಟಿಗೆಗೆ ಬೆಂಕಿ ಬಿದ್ದರೂ ದನಿ ಎತ್ತರಿಸದ ಜನ ಅವರು. ಆರ್ವಿಲ್ ತನ್ನ ಮೊಣಕಾಲುಗಳ ನಡುವೆ ಒಂದು ಕುರಿಯನ್ನು ಕುಂಡೆಯ ಮೇಲೆ ಕೂರಿಸಿಕೊಂಡು ಉಣ್ಣೆ ತೆಗೆಯುತ್ತಿದ್ದ. ಯಂತ್ರ ನಿಲ್ಲಿಸಿದ. ನೆರೆಯವರೆಲ್ಲ ತಂತಮ್ಮ ಬೂಟುಗಳನ್ನು ನೋಡತೊಡಗಿದರು. ಉಣ್ಣೆಯ ರಾಶಿಯ ಹಿಂದಿನಿಂದ ನೆಲ್ಸ್ ಎದ್ದು ನಿಂತ.

"ಅರಾ? ಏನಾಯ್ತು?"

"ನಿಂಗೆ ಇಲ್ಲಿಗೆ ವಾಪಸ್ ಬರೋ ಆಸೆ ಇದ್ಯಾ, ಇಲ್ವಾ?"

"ಒಳಗೆ ಹೋಗಿ ಮಾತಾಡೋಣ..."

"ಒಳಗೊಳಗೇ ಮಾತಾಡಿದ್ದಕ್ಕೆ ಇಷ್ಟೆಲ್ಲಾ ಆಗಿದ್ದು. ಇಲ್ಲೇ ಹೇಳು!"

"ನಿನಗೆ ಕಷ್ಟ ಆಗತ್ತೆ ಅಂತ..."

"ನನ್ನ ಕಷ್ಟ ನಾನು ನೋಡ್ಕೋತೀನಿ. ನಾನು ಕೇಳ್ತಿರೋದು ನಿನ್ನ ಆಸೆ!"

ಆರ್ವಿಲ್ ಮೇಲ್ಚಾವಣಿಯ ತೊಲೆಗಳನ್ನು ಪರೀಕ್ಷಿಸುತ್ತಿದ್ದ.

"ಇದೆ," ಎಂದ ನೆಲ್ಸ್.

"ಕೇಳಿಸ್ಲಿಲ್ಲ."

"ಆಸೆ ಇದೆ!" ಅವನು ಕೂಗಿದ ರಭಸಕ್ಕೆ ಕುರಿಗಳು ಬೆದರಿ ಒಂದರ ಮೇಲೊಂದು ಬಿದ್ದವು. "ಇದೆ, ಅರಾ! ದಿನಾ ಇದೆ! ಅಲ್ಲಿ ಯಾರದೋ ಮನೆ ಕಿಟಕಿ ಕೂರಿಸುವಾಗ್ಲೂ ಆ ಕಿಟಕೀಲಿ ಈ ಗುಡ್ಡಾನೇ ಕಾಣತ್ತೆ ನಂಗೆ!"

"ಮತ್ತೆ ಮಂಚ? ನನ್ನ ಬಿಟ್ಟು, ಮಗಳ ಜೊತೆ ಬಂದು ಇರೋಕಾ?"

ನೆಲ್ಸ್‌ನ ಮುಖ ಬಿಳಿಚಿತು. "ನಿನ್ನ ಬಿಟ್ಟು? ಮನೆ ಆರ್ವಿಲ್‌ಗೆ ಹೋದ್ರೂ ಆ ಒಂದು ರೂಮು ಬೇಸಿಗೆ ರಜೇಲಿ ಸೀಲ್ವಿಗೆ ಬಿಟ್ಕೊಡು ಅಂತ ಅವನನ್ನ ಕೇಳ್ಕೊಂಡಿದ್ದೆ. ಅವಳಾದ್ರೂ ಬರ್ಲಿ ಅಂತ... ಅರಾ, ನಾನು ಶಿಕಾಗೋದಲ್ಲಿ ಇಷ್ಟು ವರ್ಷ ಇದ್ದಿದ್ದೇ ಸಂಜೆ ನೀನು ಬಂದು ಬೂಟು ಬಿಚ್ಚಿ ಬಿಸಾಕ್ತೀಯಲ್ಲ, ಆ ಸದ್ದು ಕೇಳೋಕೆ. ನೀನಿಲ್ಲದ ಊರು ನಂಗ್ಯಾಕೆ?"

ಇಷ್ಟು ಹೊತ್ತು ಬಾರದ ಅಳು ಈಗ ಅರಸೆಲಿಗೆ ಎಲ್ಲರೆದುರು ನುಗ್ಗಿಬಂತು.

"ನಂಗೂ ಆಸೆ ಇತ್ತು ಕಣೋ, ಪೆದ್ದ! ಕ್ರಿಸ್ಮಸ್ ದಿನ ನಿಮ್ಮಮ್ಮ ಬಾಯಿ ಬಿಟ್ಟ ಕ್ಷಣದಿಂದ!"

"ಆದ್ರೆ... ಆ ಅಂಗಡೀಲಿ ಅವನು ಹಾಗೆ ಕೇಳಿದ್ಮೇಲೆ ನಿಂಗೆ ಈ ಊರೇ ಬೇಡ ಅಂದ್ಕೊಂಡೆ."

"ಅವನು ಹಾಗೆ ಕೇಳಿದ್ದಕ್ಕೇ ಬರ್ತೀನಿ! ಇವಳಿಗೆ ಇದು ಊರಲ್ಲ ಅಂತ ಅಂದ್ಕೊಂಡಿರೋರೆಲ್ಲ ನನ್ನ ದಿನಾ ನೋಡ್ಲಿ. ನೋಡಿ ನೋಡಿ ಅಭ್ಯಾಸ ಆಗ್ಲಿ!" ಅವಳು ಜಾಕೆಟ್ಟಿನ ತೋಳಿನಿಂದ ಮೂಗು ಒರೆಸಿಕೊಂಡು ಬಾಗಿಲ ಕಡೆ ತಿರುಗಿದಳು. ಮಾರ್ಲಿಸ್ ಬಂದು ನಿಂತಿದ್ದಳು. "ಆದ್ರೆ ಮಾರ್ಲಿಸ್, ಒಂದು ಮಾತು. ಜಮೀನಿನ ಕಾಗದದಲ್ಲಿ ಅವನ ಹೆಸರಿನ ಪಕ್ಕ ನನ್ನ ಹೆಸರೂ ಇರ್ಬೇಕು. ನಮ್ಮಮ್ಮ ಈ ಸೀಮೇಲಿ ಬೇರೆಯವರ ಹೊಲದಲ್ಲಿ ಸೊಂಟ ಬಗ್ಗಿಸಿದ್ಲು. ನಾನು ಬಗ್ಗಿಸೋದಾದ್ರೆ ನನ್ನ ಮಣ್ಣಿಗೇ ಬಗ್ಗಿಸೋದು. ಇನ್ನೊಂದು, ನಾನು ಗಾಡಿ ಓಡಿಸೋದು ಬಿಡಲ್ಲ. ಈ ಗುಡ್ಡದ ಶಾಲೆಗೂ ಬಸ್ ಇದೆ, ಅದಕ್ಕೂ ಚಾಲಕರು ಬೇಕು."

ಆ ಸೀಮೆಯ ರೀತಿಯಲ್ಲಾದರೆ ಮಾರ್ಲಿಸ್ "ನೋಡೋಣ" ಎನ್ನಬೇಕಿತ್ತು. ಎರಡು ವಾರ ಕಳೆದು "ಯೋಚಿಸೋಣ" ಎನ್ನಬೇಕಿತ್ತು.

"ಹಾಕಿಸ್ತೀನಿ," ಎಂದಳು ಮಾರ್ಲಿಸ್. ತನ್ನ ಬಾಯಿಂದ ಅದು ಅಷ್ಟು ಬೇಗ ಬಂದದ್ದಕ್ಕೆ ತಾನೇ ಬೆಚ್ಚಿ, ಸೇರಿಸಿದಳು: "ನೀನು ಇಲ್ಲಿಗೆ ಬಂದ್ರೂ ಒಂದು ಚಳಿಗಾಲ ಕಳೆಯಲ್ಲ ಅಂತ ಆರ್ವಿಲ್ ಹತ್ರ ಪಂಥ ಕಟ್ಟಿದ್ದೆ."

"ಸೋತ್ರಿ!"

"ಚಳಿಗಾಲ ಇನ್ನೂ ಬರ್ಬೇಕು ತಾಯಿ."

ಆರ್ವಿಲ್ ಕೆಮ್ಮಿದ. "ನನ್ನ ಹುಲ್ಲುಗಾವಲು ಕೈತಪ್ಪಿ ಹೋಗಿದ್ದು ಯಾರಿಗೂ ನೆನಪಿಲ್ಲ. ಇರ್ಲಿ. ಈಗ ಯಂತ್ರ ಶುರು ಮಾಡ್ಲಾ? ಇದಕ್ಕೆ ಅರ್ಧ ಉಣ್ಣೆ ಹೋಗಿದೆ, ಚಳಿ ಆಗ್ತಿದೆ ಪಾಪ."

ಕೊಟ್ಟಿಗೆಯಲ್ಲಿ ಮತ್ತೆ ಯಂತ್ರದ ಸದ್ದು ಎದ್ದಿತು.

ಆದರೆ ಅರಸೆಲಿಯ ಕಷ್ಟದ ಮಾತು ಇನ್ನೂ ಬಾಕಿಯಿತ್ತು. ಬೇಲಿಯ ಹತ್ತಿರ ಹೋಗಿ ಅಮ್ಮನಿಗೆ ಫೋನ್ ಮಾಡಿದಳು.

"ಅಮ್ಮಾ, ಸೋಮವಾರ ನಾನು ಸಹಿ ಹಾಕಲ್ಲ. ನಾವು ಇಲ್ಲಿಗೆ ಬರ್ತಿದ್ದೀವಿ."



"ಅವನು ಬಲವಂತ ಮಾಡಿದ್ನಾ?"

"ಇಲ್ಲ. ನಾನೇ. ನಂಗೇ ಬೇಕು."

"ನಾನು ಆ ಮಣ್ಣಿಗೆ ಕಾಲಿಡಲ್ಲ ಅರಸೆಲಿ. ನೀನು ಅಲ್ಲಿ ರಾಣಿ ಆಗಿದ್ರೂ ಇಡಲ್ಲ."

"ಇಡಬೇಡ. ನಾನೇ ಬರ್ತೀನಿ, ತಿಂಗಳು ತಿಂಗಳೂ. ಬಾಗಿಲು ತೆಗೀದಿದ್ರೆ ಬೀದಿಯವರೆಲ್ಲ ಬರೋ ತನಕ ಬಡೀತೀನಿ."

"ಈ ಹಟ ನಿಂಗೆ ಎಲ್ಲಿಂದ ಬಂತು?"

"ಸೌತೆಕಾಯಿ ಹೊಲದಿಂದ ಎದ್ದು ಬಂದವಳಿಂದ."

ಫೋನು ಕಡಿಯಿತು. ಕಡಿಯುವ ಮೊದಲು ಒಂದು ಬಿಕ್ಕು ಕೇಳಿಸಿದಂತಾಯಿತು. ಸಿಟ್ಟಿನದೋ, ಅಳುವಿನದೋ...

ಅರಸೆಲಿ ಬೇಲಿಗೆ ಒರಗಿ ನಿಂತಳು. ಗುಡ್ಡದ ಮೇಲೆ ಸೀಲ್ವಿಯ ಗಂಟಲು ಎಲ್ಲ ಮಕ್ಕಳ ದನಿಗಿಂತ ಮೇಲೆ ಕೇಳುತ್ತಿತ್ತು. ನೆಲ್ಸ್ ಹಿಂದಿನಿಂದ ಬಂದು ಪಕ್ಕದಲ್ಲಿ ನಿಂತ.

"ಹೆದರಿಕೆ ಆಗ್ತಿದೆ," ಎಂದಳು ಅವಳು. ಮದುವೆಯಾದ ಮೇಲೆ ಅವಳ ಬಾಯಿಂದ ಅವನು ಕೇಳಿದ ಮೊದಲ ಹೆದರಿಕೆ ಅದು.

"ಯಾತಕ್ಕೆ?"

"ಅಮ್ಮ ಹೇಳಿದ್ದೇ ನಿಜ ಆದ್ರೆ? ಸೀಲ್ವಿ ದೊಡ್ಡವಳಾಗಿ, ಯಾಕಮ್ಮಾ ನನ್ನ ಇಲ್ಲಿಗೆ ತಂದೆ ಅಂತ ಕೇಳಿದ್ರೆ?"

ಹಾಗಾಗಲ್ಲ ಎಂದು ಅವನು ಸಮಾಧಾನ ಹೇಳಬಹುದಿತ್ತು. ಹೇಳಲಿಲ್ಲ.

"ಕೇಳಬಹುದು. ಕೇಳಿದ್ರೆ ಇಬ್ಬರೂ ಬೈಸ್ಕೊಳ್ಳೋಣ. ನೀನೊಬ್ಬಳೇ ಬೈಸ್ಕೋಬೇಡ."

ಅವಳು ಕಣ್ಣೀರಿನಲ್ಲೇ ನಕ್ಕಳು. ಅವನ ಕೈ ಹಿಡಿಯಲು ಹೋಗಿ ಬೆರಳು ಜಾರಿತು.

"ಥೂ, ಉಣ್ಣೆ ಜಿಡ್ಡು!"

"ತೊಳ್ಕೊಂಡ್ ಬರ್ಲಾ?"

"ಬೇಡ. ಗಟ್ಟಿಯಾಗಿ ಹಿಡ್ಕೋ."

ಜೂನ್‌ನಲ್ಲಿ ಅವರು ಆ ಮನೆಗೆ ಹೋದರು. ಕಾಗದದಲ್ಲಿ ಎರಡೂ ಹೆಸರುಗಳಿವೆ. ಅರಸೆಲಿ ತಿಂಗಳು ತಿಂಗಳೂ ಶಿಕಾಗೋಗೆ ಹೋಗುತ್ತಾಳೆ, ಒಫೆಲಿಯಾ ಬಾಗಿಲು ತೆಗೆಯುತ್ತಾಳೆ ಎನ್ನುವವರೆಗೆ ನನಗೆ ಗೊತ್ತು. ಆ ತಾಯಿ ಎಂದಾದರೂ ಮಗಳ ಮಣ್ಣಿಗೆ ಕಾಲಿಟ್ಟಳೋ, ಇಡುತ್ತಾಳೋ... ನನಗೆ ಗೊತ್ತಿಲ್ಲ.